ಊರಿನ ಕಾಗದಗಳನ್ನು ಕಾಯುವವರಿಗೆ: ಓದುಗರ ಪ್ರಶ್ನೆಗಳು, ಉತ್ತರಗಳು

ಸರ್ಕಾರಿ ಪತ್ರಾಗಾರಗಳಲ್ಲಿ ಆಡಳಿತ ನಡೆದ ಬಗೆ ದಾಖಲಾಗಿರುತ್ತದೆ. ಒಂದು ಊರಿನ ಜನ ಬದುಕಿದ ಬಗೆಯನ್ನು ಹೇಳುವ ಮನೆಯ ಪತ್ರಗಳು, ಅಂಗಡಿಯ ಲೆಕ್ಕದ ಪುಸ್ತಕಗಳು, ಸಂಘಗಳ ನಡಾವಳಿ ಪುಸ್ತಕಗಳು, ಶಾಲೆಯ ಗುಂಪು ಫೋಟೋಗಳು, ಕರಪತ್ರಗಳು ಉಳಿದರೆ ಬಹುಮಟ್ಟಿಗೆ ಊರಿನವರೇ ಕಟ್ಟಿಕೊಂಡ ಇತಿಹಾಸ ಸಂಘಗಳ ಕಪಾಟಿನಲ್ಲಿಯೇ ಉಳಿಯಬೇಕು. ಅಂತಹ ಸಂಘಗಳಲ್ಲಿ ಸಂಬಳವಿಲ್ಲದೆ ದುಡಿಯುತ್ತಿರುವ ಹಲವು ಓದುಗರು ಪ್ರಶ್ನೆಗಳನ್ನು ಕಳಿಸಿದ್ದಾರೆ. ನಾನೂ ಬಹಳ ವರ್ಷ ಅದೇ ಕೆಲಸದಲ್ಲಿದ್ದವನಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಅವರಿಗಾಗಿಯೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ತೀರಿಕೊಂಡ ಹಿರಿಯರೊಬ್ಬರ ಕಾಗದಪತ್ರಗಳ ಪೆಟ್ಟಿಗೆಯನ್ನು ಅವರ ಮನೆಯವರು ನಮ್ಮ ಸಂಘಕ್ಕೆ ಕೊಟ್ಟಿದ್ದಾರೆ. ಒಳಗೆ ಪತ್ರಗಳು, ರಸೀದಿಗಳು, ಪತ್ರಿಕೆಯ ತುಣುಕುಗಳು, ಫೋಟೋಗಳು ಎಲ್ಲವೂ ಕಲಸಿಕೊಂಡಿವೆ. ಇವನ್ನು ಬಿಡಿಸಿ, ಸಂಘದಲ್ಲಿ ಈಗಾಗಲೇ ಇರುವ ‘ಶಾಲೆ’, ‘ವ್ಯಾಪಾರ’, ‘ಕಟ್ಟಡಗಳು’ ಎಂಬ ಫೈಲುಗಳಿಗೆ ವಿಷಯವಾರು ಸೇರಿಸಬಹುದೇ?
— ನಿವೃತ್ತ ಶಿಕ್ಷಕಿ

ಉತ್ತರ: ದಯವಿಟ್ಟು ಸೇರಿಸಬೇಡಿ. ಇದೇ ತಪ್ಪನ್ನು ನಾನು ಒಮ್ಮೆ ಮಾಡಿದ್ದೇನೆ, ಮತ್ತು ಅದನ್ನು ಸರಿಪಡಿಸಲು ಇವತ್ತಿಗೂ ಆಗಿಲ್ಲ. ನಾನು ಸಂಘಕ್ಕೆ ಹೊಸದಾಗಿ ಬಂದಿದ್ದಾಗ ಇಂಥದೇ ಒಂದು ಪೆಟ್ಟಿಗೆ ಬಂದಿತ್ತು. ಅದರ ತಳದಲ್ಲಿ ದಾರದಿಂದ ಬಿಗಿದ ಒಂದು ಸಣ್ಣ ಕಟ್ಟು ಇತ್ತು: ಗಾರೆ ಕೆಲಸದವರಿಗೆ ಹಣ ಕೊಟ್ಟ ನಾಲ್ಕು ರಸೀದಿಗಳು, ತಮ್ಮ ಅಣ್ಣನಿಗೆ ಬರೆದ ಎರಡು ಪತ್ರಗಳು, ಕೂಡಿಸಿ ಕಳೆದು ಹೊಡೆದುಹಾಕಿದ ಒಂದು ಲೆಕ್ಕದ ಹಾಳೆ, ಅರ್ಧ ಎದ್ದ ಗೋಡೆಯ ಮುಂದೆ ಇಬ್ಬರು ನಿಂತಿರುವ ಒಂದು ಫೋಟೋ. ನಾನು ದಾರ ಬಿಚ್ಚಿ, ರಸೀದಿಗಳನ್ನು ವ್ಯಾಪಾರದ ಫೈಲಿಗೆ, ಪತ್ರಗಳನ್ನು ಕುಟುಂಬಗಳ ಫೈಲಿಗೆ, ಫೋಟೋವನ್ನು ಕಟ್ಟಡಗಳ ಆಲ್ಬಮ್ಮಿಗೆ ಹಾಕಿ, ಅಚ್ಚುಕಟ್ಟಾಗಿ ಕೆಲಸ ಮುಗಿಸಿದೆನೆಂದು ಸಮಾಧಾನಪಟ್ಟೆ. ಕೆಲವು ವರ್ಷಗಳ ನಂತರ ಒಬ್ಬ ವಿದ್ಯಾರ್ಥಿನಿ ಬಂದು, ಊರಿನ ವಾಚನಾಲಯದ ಕಟ್ಟಡ ನಡುವೆ ಏಕೆ ನಿಂತುಹೋಗಿತ್ತು ಎಂದು ಕೇಳಿದಾಗ, ಉತ್ತರ ಇದ್ದದ್ದು ಆ ಕಟ್ಟಿನಲ್ಲಿ ಎಂದು ಹೊಳೆಯಿತು. ಆದರೆ ಯಾವ ರಸೀದಿ, ಯಾವ ಪತ್ರ, ಯಾವ ಗೋಡೆ ಎಂದು ಗುರುತಿಸುವ ದಾರಿಯನ್ನು ನಾನೇ ಮುಚ್ಚಿಬಿಟ್ಟಿದ್ದೆ. ಹಾಳೆಗಳೆಲ್ಲವೂ ಇದ್ದವು, ಅವುಗಳ ನಡುವಿನ ನಂಟು ಮಾತ್ರ ಹೋಗಿತ್ತು.

ಒಂದು ದಾಖಲೆಯ ಅರ್ಥ ಅದರ ಮೇಲೆ ಬರೆದಿರುವುದರಲ್ಲಿ ಎಷ್ಟಿದೆಯೋ, ಅದು ಯಾರ ಬಳಿ ಇತ್ತು, ಯಾವುದರ ಜೊತೆಗೆ ಇತ್ತು, ಯಾವ ಕ್ರಮದಲ್ಲಿ ಇತ್ತು ಎಂಬುದರಲ್ಲಿಯೂ ಅಷ್ಟೇ ಇದೆ. ಪತ್ರಾಗಾರದವರು ಇದನ್ನು ಕಲಿತದ್ದೂ ಕಷ್ಟಪಟ್ಟೇ. ಫ್ರಾನ್ಸಿನಲ್ಲಿ ಕಡತಗಳನ್ನು ವಿಷಯವಾರು ಬಿಡಿಸಿ ಗೊಂದಲವಾದ ಮೇಲೆ, 1841ರಲ್ಲಿ ನತಾಲಿ ದ ವೈಯಿ ಎಂಬ ಅಧಿಕಾರಿಯ ಕೈಯಿಂದ ಬಂದ ಸುತ್ತೋಲೆಯು ಒಬ್ಬ ವ್ಯಕ್ತಿಯ, ಒಂದು ಕುಟುಂಬದ ಅಥವಾ ಒಂದು ಸಂಸ್ಥೆಯ ಕಾಗದಗಳನ್ನು ಒಟ್ಟಾಗಿಯೇ ಇಡಬೇಕೆಂದು ವಿಧಿಸಿತು. 1898ರಲ್ಲಿ ನೆದರ್‌ಲ್ಯಾಂಡ್ಸಿನ ಮ್ಯುಲರ್, ಫೈತ್ ಮತ್ತು ಫ್ರೂಯಿನ್ ಎಂಬ ಮೂವರು ಹೊರತಂದ ಕೈಪಿಡಿಯು, ಒಟ್ಟಾಗಿ ಇಡುವುದಷ್ಟೇ ಅಲ್ಲ, ಅವು ಮೊದಲು ಇದ್ದ ಕ್ರಮವನ್ನೂ ಕಾಪಾಡಬೇಕೆಂದು ಹೇಳಿತು. ಈ ಎರಡು ನಿಯಮಗಳು ದೊಡ್ಡ ರಾಷ್ಟ್ರೀಯ ಪತ್ರಾಗಾರಕ್ಕೆ ಎಷ್ಟು ಅನ್ವಯಿಸುತ್ತವೆಯೋ ಒಂದೇ ಕಪಾಟಿರುವ ನಿಮ್ಮ ಸಂಘಕ್ಕೂ ಅಷ್ಟೇ ಅನ್ವಯಿಸುತ್ತವೆ.

ಪೆಟ್ಟಿಗೆಯನ್ನು ಖಾಲಿ ಮಾಡುವ ಮೊದಲು ಒಂದೊಂದು ಪದರವನ್ನೂ ಫೋಟೋ ತೆಗೆಯಿರಿ. ನಿಮ್ಮ ಕಣ್ಣಿಗೆ ಕಲಸಿಹೋದಂತೆ ಕಾಣುವುದು ಇಟ್ಟವರ ಪಾಲಿಗೆ ಒಂದು ಕ್ರಮವೇ ಆಗಿದ್ದಿರಬಹುದು. ಕೊಟ್ಟವರನ್ನು ಕೂರಿಸಿ ಮಾತಾಡಿಸಿ. ಈ ಪೆಟ್ಟಿಗೆ ಮನೆಯಲ್ಲಿ ಎಲ್ಲಿತ್ತು, ನಡುವೆ ಯಾರಾದರೂ ತೆಗೆದು ನೋಡಿದ್ದಾರೆಯೇ, ಇದರಿಂದ ಏನನ್ನಾದರೂ ಬೇರೆಯವರಿಗೆ ಕೊಟ್ಟಿದ್ದಾರೆಯೇ ಎಂದು ಕೇಳಿ, ಆ ಮಾತುಗಳನ್ನು ಅದೇ ದಿನ ಸೇರ್ಪಡೆ ರಿಜಿಸ್ಟರಿನಲ್ಲಿ ಬರೆಯಿರಿ. ಆ ಬಳಿಕ ವಿವರಣೆ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ISAD(G) ಎಂಬ ವಿವರಣಾ ಮಾನದಂಡದಲ್ಲಿ 26 ಅಂಶಗಳಿವೆ, ಆದರೆ ಯಾವ ಕಾರಣಕ್ಕೂ ಬಿಡಬಾರದೆಂದು ಅದು ಹೇಳುವುದು ಆರನ್ನು ಮಾತ್ರ: ಗುರುತಿನ ಸಂಖ್ಯೆ, ಶೀರ್ಷಿಕೆ, ದಾಖಲೆಗಳನ್ನು ಉಂಟುಮಾಡಿದವರು, ಅವುಗಳ ಕಾಲ, ಅವುಗಳ ಪ್ರಮಾಣ, ಮತ್ತು ನೀವು ವಿವರಿಸುತ್ತಿರುವುದು ಇಡೀ ಸಂಗ್ರಹವನ್ನೋ, ಒಂದು ಕಡತವನ್ನೋ, ಒಂದೇ ಹಾಳೆಯನ್ನೋ ಎಂಬುದು. ಈ ಆರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ವಿಷಯವಾರು ಹುಡುಕುವ ಅನುಕೂಲ ಬೇಕಾದದ್ದೇ, ಆದರೆ ಅದು ಸೂಚಿಯಲ್ಲಿರಲಿ. ಒಂದೇ ಪತ್ರಕ್ಕೆ ಸೂಚಿಯಲ್ಲಿ ಐದು ವಿಷಯಗಳ ಕೆಳಗೆ ಜಾಗ ಕೊಡಬಹುದು, ಕಪಾಟಿನಲ್ಲಿ ಮಾತ್ರ ಅದು ತನ್ನ ಪೆಟ್ಟಿಗೆಯಲ್ಲಿಯೇ ಇರಬೇಕು.

ಪ್ರಶ್ನೆ: ಹಳೆಯ ಕಾಗದಗಳು ಮುಟ್ಟಿದರೆ ಪುಡಿಯಾಗುತ್ತಿವೆ. ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುತ್ತವೆ ಎಂದು ಸಮಿತಿಯ ಕೆಲವರು ಹೇಳುತ್ತಿದ್ದಾರೆ. ಹರಿದವನ್ನು ಸದ್ಯಕ್ಕೆ ಸೆಲ್ಲೋ ಟೇಪಿನಿಂದ ಅಂಟಿಸುತ್ತಿದ್ದೇವೆ. ಇದು ಸರಿಯೇ? ಬಿಳಿ ಕೈಗವಸು ಹಾಕಿಕೊಳ್ಳಬೇಕೇ?
— ಸ್ವಯಂಸೇವಕ

ಉತ್ತರ: ಲ್ಯಾಮಿನೇಷನ್ನೂ ಬೇಡ, ಟೇಪೂ ಬೇಡ. ಇಂದೇ ನಿಲ್ಲಿಸಿ. ಇದನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ.

ನಿಮ್ಮ ಕಾಗದ ಪುಡಿಯಾಗಲು ಕಾರಣ ಅದರ ಹೊರಗಿಲ್ಲ, ಒಳಗಿದೆ. ಮೊದಲು ಹಳೆಯ ಬಟ್ಟೆಯ ನಾರಿನಿಂದ ಮಾಡುತ್ತಿದ್ದ ಕಾಗದವನ್ನು 19ನೆಯ ಶತಮಾನದ ಮಧ್ಯಭಾಗದಿಂದ ಮರದ ತಿರುಳಿನಿಂದ ಮಾಡತೊಡಗಿದರು. ಶಾಯಿ ಹರಡದಿರಲೆಂದು ಪಟಿಕ ಮತ್ತು ರಾಳವನ್ನು ಬೆರೆಸಿದರು. ಈ ಪಟಿಕದಿಂದ ಕಾಗದದೊಳಗೆ ಆಮ್ಲ ಹುಟ್ಟಿ, ನಾರುಗಳನ್ನು ನಿಧಾನವಾಗಿ ಕಡಿಯುತ್ತ ಹೋಗುತ್ತದೆ. ನಾಲ್ಕುನೂರು ವರ್ಷ ಹಳೆಯ ಬಟ್ಟೆಯ ಕಾಗದ ಮೆತ್ತಗೆ ಬಾಗುವಾಗ, ನೂರು ವರ್ಷದ ಪತ್ರಿಕೆಯ ಹಾಳೆ ಮಡಿಸಿದ ಕಡೆ ಮುರಿಯುವುದು ಇದರಿಂದಲೇ. ಅಂತಹ ಕಾಗದವನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿನೊಳಗೆ ಅಂಟಿಸಿದರೆ ಆಮ್ಲವನ್ನೂ ಒಳಗೇ ಕೂಡಿಹಾಕಿದಂತಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಈ ದಾರಿಯನ್ನು ದೊಡ್ಡ ಪತ್ರಾಗಾರಗಳೂ ಹಿಡಿದು ನೋಡಿವೆ: ಅಮೆರಿಕದ ವಿಲಿಯಂ ಬ್ಯಾರೋ ರೂಪಿಸಿದ, ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಪದ್ಧತಿಯನ್ನು 20ನೆಯ ಶತಮಾನದ ಮಧ್ಯದಲ್ಲಿ ಅನೇಕ ಸಂಸ್ಥೆಗಳು ಅನುಸರಿಸಿದವು, ಆ ಮೇಲೆ ಕೈಬಿಟ್ಟವು. ಆಗ ಹಾಕಿದ ಪದರಗಳನ್ನು ಬಿಡಿಸುವುದೇ ಸಂರಕ್ಷಣಾ ತಜ್ಞರಿಗೆ ಒಂದು ದೊಡ್ಡ ಕೆಲಸವಾಗಿದೆ. ಇಲ್ಲಿ ನೆನಪಿಡಬೇಕಾದ ನಿಯಮವೆಂದರೆ, ಮುಂದೆ ಹಿಂದೆಗೆಯಲಾಗದ ಯಾವುದನ್ನೂ ದಾಖಲೆಗೆ ಮಾಡಬಾರದು. ಪುಡಿಯಾಗುವ ಹಾಳೆಯನ್ನು ಪಾಲಿಯೆಸ್ಟರಿನ ಪಾರದರ್ಶಕ ಲಕೋಟೆಯೊಳಗೆ, ಆಮ್ಲವಿಲ್ಲದ ದಪ್ಪ ಕಾಗದವನ್ನು ಆಧಾರವಾಗಿ ಕೊಟ್ಟು, ಅಂಟಿಸದೆ ಇಡಿ. ಅದನ್ನು ಬೇಕೆಂದಾಗ ಹೊರಗೆ ತೆಗೆಯಬಹುದು.

ಸೆಲ್ಲೋ ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಾಗದದೊಳಕ್ಕೆ ಇಳಿದು ಕಂದು ಪಟ್ಟಿಯಾಗುತ್ತದೆ, ಟೇಪಿನ ಮೇಲ್ಪದರ ಉದುರಿಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಈಗಾಗಲೇ ಅಂಟಿಸಿರುವುದನ್ನು ಎಳೆದು ಕೀಳಬೇಡಿ, ಅದನ್ನು ತಜ್ಞರಿಗೇ ಬಿಡಿ. ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡುಗಳನ್ನು ಮಾತ್ರ ನೀವೇ ತೆಗೆಯಬಹುದು. ಹಳೆಯ ಕಡತದಲ್ಲಿ ಪಿನ್ನನ್ನು ಎತ್ತಿದಾಗ ಅದರ ತಲೆಯ ದುಂಡು, ಕಂಬಿಯ ಉದ್ದ, ಹಾಳೆಯೊಳಗೆ ಇಳಿದು ಎದ್ದ ಜಾಗ ಎಲ್ಲವೂ ತುಕ್ಕಿನ ಬಣ್ಣದಲ್ಲಿ ಅಚ್ಚೊತ್ತಿದಂತೆ ಆರೇಳು ಹಾಳೆಗಳ ಮೇಲೆ ಒಂದರ ಹಿಂದೊಂದು ಮೂಡಿರುವುದನ್ನು ನೀವು ನೋಡಿರುತ್ತೀರಿ. ಆ ಗುರುತೂ ಒಂದು ಸುಳಿವು: ಯಾವ ಹಾಳೆಗಳು ಒಂದೇ ಪಿನ್ನಿನಲ್ಲಿ ಇದ್ದವು ಎಂದು ಅದು ಹೇಳುತ್ತದೆ. ಆದ್ದರಿಂದ ಪಿನ್ನನ್ನು ತೆಗೆದ ಮೇಲೆ ಆ ಹಾಳೆಗಳನ್ನು ಒಂದು ಮಡಿಸಿದ ಕಾಗದದೊಳಗೆ ಜೊತೆಯಾಗಿಯೇ ಇಡಿ. ಪತ್ರಿಕೆಯ ತುಣುಕುಗಳು ಅಕ್ಕಪಕ್ಕದ ಹಾಳೆಗಳಿಗೂ ಕಂದು ಬಣ್ಣ ಹಚ್ಚುವುದರಿಂದ ಅವುಗಳ ನಡುವೆ ಒಳ್ಳೆಯ ಕಾಗದವನ್ನು ಇಡಬೇಕು. ಸಂಖ್ಯೆ ಹಾಕುವುದು, ಗುರುತು ಮಾಡುವುದು ಯಾವಾಗಲೂ ಮೆತ್ತನೆಯ ಪೆನ್ಸಿಲಿನಿಂದ, ಎಂದಿಗೂ ಪೆನ್ನಿನಿಂದಲ್ಲ.

ಕೈಗವಸಿನ ವಿಚಾರ: ಕಾಗದವನ್ನು ಮುಟ್ಟುವಾಗ ತೊಳೆದು ಚೆನ್ನಾಗಿ ಒರೆಸಿಕೊಂಡ ಬರಿಗೈಯೇ ಉತ್ತಮ. ಹತ್ತಿಯ ಕೈಗವಸು ಹಾಕಿದಾಗ ಬೆರಳಿನ ಅಂದಾಜು ತಪ್ಪಿ ಹಾಳೆಯ ಅಂಚು ಹರಿಯುತ್ತದೆ. ಫೋಟೋ ಮತ್ತು ನೆಗೆಟಿವ್‌ಗಳ ಮೇಲೆ ಮಾತ್ರ ಬೆರಳಚ್ಚು ಉಳಿದುಬಿಡುವುದರಿಂದ ಅವಕ್ಕೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಬೇಕು. ಕೋಣೆಯ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ತಂಪಾಗಿರಲಿ, ಸಾಪೇಕ್ಷ ಆರ್ದ್ರತೆ ಶೇಕಡಾ 35ರಿಂದ 50ರ ಆಸುಪಾಸಿನಲ್ಲಿರಲಿ. ಅಷ್ಟು ಸಾಧ್ಯವಾಗದಿದ್ದರೂ ಒಂದೇ ಸಮನಾಗಿರಲಿ, ಏಕೆಂದರೆ ದಿನವೂ ಏರಿಳಿಯುವ ತೇವ ಮತ್ತು ಬಿಸಿಯಿಂದ ಕಾಗದ ಹಿಗ್ಗಿ ಕುಗ್ಗಿ ಬೇಗ ದಣಿಯುತ್ತದೆ. ಪೆಟ್ಟಿಗೆಗಳು ನೆಲದ ಮೇಲೆ, ಹೊರಗೋಡೆಗೆ ಒತ್ತಿಕೊಂಡು ಅಥವಾ ನೀರಿನ ಕೊಳವೆಯ ಕೆಳಗೆ ಇರಬಾರದು.

ಪ್ರಶ್ನೆ: ನಮ್ಮಲ್ಲಿ ನೂರಾರು ಹಳೆಯ ಫೋಟೋಗಳಿವೆ, ಆದರೆ ಯಾರ ಹೆಸರೂ ಬರೆದಿಲ್ಲ. ಎಲ್ಲಿಂದ ಆರಂಭಿಸಬೇಕು?
— ಸಂಘವೊಂದರ ಕಾರ್ಯದರ್ಶಿ

ಉತ್ತರ: ವಯಸ್ಸಾದವರಿಂದ ಆರಂಭಿಸಿ, ಈ ವಾರವೇ. ಬೇರೆ ಎಲ್ಲ ಕೆಲಸ ಕಾಯುತ್ತದೆ, ಇದು ಕಾಯುವುದಿಲ್ಲ.

ಗುಂಪು ಫೋಟೋ ಒಂದನ್ನು ದೊಡ್ಡದಾಗಿ ಪ್ರತಿ ಮಾಡಿಸಿ, ಅದರ ಮೇಲೆ ತೆಳುವಾದ ಟ್ರೇಸಿಂಗ್ ಕಾಗದವನ್ನಿಟ್ಟು, ಪ್ರತಿ ತಲೆಯ ಸುತ್ತ ಗೆರೆ ಎಳೆದು, ಒಳಗೆ ಸಂಖ್ಯೆ ಬರೆಯಿರಿ. ಆ ಪ್ರತಿಯನ್ನು ಹಿಡಿದುಕೊಂಡು ಹಿರಿಯರ ಮನೆಗೆ ಹೋಗಿ, ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ. ಇಬ್ಬರನ್ನು ಜೊತೆಗೆ ಕೂರಿಸಿದರೆ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುವುದೇ ಹೆಚ್ಚು. ‘ಏಳನೆಯವರು ಇಂಥವರು’ ಎಂಬುದರ ಜೊತೆಗೆ ಅದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು, ಖಚಿತವಾಗಿ ಹೇಳಿದರೋ ‘ಇರಬಹುದು’ ಎಂದರೋ ಎಂಬುದನ್ನೂ ಬರೆಯಿರಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಉಳಿಸಿ. ತೀರ್ಪು ಕೊಡುವ ಅವಸರ ಬೇಡ. ಹಳೆಯ ಶೀರ್ಷಿಕೆಗಳಲ್ಲಿ ಹೆಂಗಸರನ್ನು ‘ಇಂಥವರ ಪತ್ನಿ’ ಎಂದಷ್ಟೇ ಬರೆದು ಮುಗಿಸಿರುವುದು, ಅಂಚಿನಲ್ಲಿ ನಿಂತ ಕೆಲಸದವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಸಾಮಾನ್ಯ. ಅವರಿಗೂ ಸಂಖ್ಯೆ ಕೊಡಿ, ಅವರ ಹೆಸರನ್ನೂ ಕೇಳಿ. ಒಮ್ಮೆ ನಾನು ಹೀಗೆ ಕೇಳುತ್ತಿದ್ದಾಗ, ಬಹಳ ಹೊತ್ತು ಸುಮ್ಮನಿದ್ದ ಒಬ್ಬ ಅಜ್ಜಿ ಹಿಂದಿನ ಸಾಲಿನ ಅರ್ಧ ಮರೆಯಾದ ಮುಖದ ಮೇಲೆ ಬೆರಳಿಟ್ಟು ತಮ್ಮ ತಾಯಿಯ ಹೆಸರನ್ನು ಹೇಳಿದರು. ಆ ತಾಯಿಯ ಬೇರೆ ಚಿತ್ರ ಅವರ ಮನೆಯಲ್ಲಿಯೂ ಇರಲಿಲ್ಲ.

ಫೋಟೋದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಒತ್ತಿದ ಗುರುತು ಮುಂದಿನ ಮುಖದ ಮೇಲೆ ಏಳುತ್ತದೆ. ಗುರುತಿನ ಸಂಖ್ಯೆಯನ್ನು ಪೆನ್ಸಿಲಿನಿಂದ ಅಂಚಿನಲ್ಲಿ ಬರೆದು, ಉಳಿದ ವಿವರವನ್ನು ಬೇರೆ ಹಾಳೆಯಲ್ಲಿ ಇಡಿ. ಅಂಟಿನ ಪುಟಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್‌ಗಳು ಫೋಟೋಗಳಿಗೆ ಕೆಟ್ಟವು, ಆದರೆ ಆಲ್ಬಮ್ಮಿನ ಕ್ರಮವೇ ಒಂದು ಕಥೆಯಾಗಿರುವುದರಿಂದ ಬಿಡಿಸುವ ಮೊದಲು ಪ್ರತಿ ಪುಟವನ್ನೂ ಚಿತ್ರ ತೆಗೆದುಕೊಳ್ಳಿ. ನೆಗೆಟಿವ್‌ಗಳ ಡಬ್ಬಿಯನ್ನು ತೆರೆದಾಗ ವಿನೆಗರಿನಂತಹ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಆರಂಭಿಸಿದೆ ಎಂದು ಅರ್ಥ. ಅವನ್ನು ಉಳಿದವುಗಳಿಂದ ದೂರವಿಟ್ಟು, ಮೊದಲು ಸ್ಕ್ಯಾನ್ ಮಾಡಿಸಿ. 1950ರ ದಶಕದ ಆರಂಭಕ್ಕಿಂತ ಹಳೆಯ ಫಿಲ್ಮ್‌ಗಳು ನೈಟ್ರೇಟ್ ಆಗಿರುವ ಸಾಧ್ಯತೆಯಿದೆ. ಅವು ಸುಲಭವಾಗಿ ಹೊತ್ತಿಕೊಳ್ಳುತ್ತವೆ, ಹೊತ್ತಿಕೊಂಡರೆ ನೀರಿನಲ್ಲಿಯೂ ಆರುವುದಿಲ್ಲ. ಅನುಮಾನವಿದ್ದರೆ ಅವನ್ನು ನೀವೇ ಪರೀಕ್ಷಿಸಲು ಹೋಗದೆ ಫಿಲ್ಮ್ ಸಂರಕ್ಷಣೆ ಬಲ್ಲವರನ್ನು ಕರೆಯಿರಿ.

ಪ್ರಶ್ನೆ: ನಮ್ಮ ಸಂಗ್ರಹವನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಿದ್ದೇವೆ. ಜಾಗದ ಕೊರತೆಯಿಂದ ಮೂಲ ಕಾಗದಗಳನ್ನು ವಿಲೇವಾರಿ ಮಾಡಬೇಕೆಂದು ಒಂದು ಸಲಹೆ ಬಂದಿದೆ. ನಿಮ್ಮ ಅಭಿಪ್ರಾಯವೇನು?
— ಸಂಘದ ಖಜಾಂಚಿ

ಉತ್ತರ: ಸ್ಕ್ಯಾನ್ ಮಾಡಿದ್ದಕ್ಕೆ ನಿಮಗೆ ಅಭಿನಂದನೆ ಸಲ್ಲಬೇಕು; ಮೂಲವನ್ನು ಎಸೆಯುವ ಸಲಹೆಯನ್ನು ಮಾತ್ರ ಒಪ್ಪಲಾರೆ. ಹಾಳೆಯ ದಪ್ಪ, ನೀರುಗುರುತು, ಮಡಿಕೆಯ ಗೆರೆ, ಪೆನ್ಸಿಲಿನಲ್ಲಿ ಬರೆದು ಅಳಿಸಿದ ಅಕ್ಷರದ ತಗ್ಗು, ಇವು ಸ್ಕ್ಯಾನಿನಲ್ಲಿ ಸರಿಯಾಗಿ ಬರುವುದಿಲ್ಲ. ಇಂದು ಸಾಕೆನಿಸಿದ ಸ್ಕ್ಯಾನ್ ಇಪ್ಪತ್ತು ವರ್ಷಗಳ ಬಳಿಕ ಸಾಲದೆನಿಸಿದಾಗ ಮತ್ತೆ ಮಾಡಲು ಮೂಲವೇ ಬೇಕು. ಹಾರ್ಡ್ ಡಿಸ್ಕ್ ಕೆಲವೇ ವರ್ಷಗಳಲ್ಲಿ ಕೆಡಬಹುದಾದ ವಸ್ತು, ಆದರೆ ಒಳ್ಳೆಯ ಕಾಗದಕ್ಕೆ ಒಣಗಿದ ಕತ್ತಲ ಕೋಣೆಯ ಹೊರತು ಬೇರೇನೂ ಬೇಡ.

ಆದರೂ ಪ್ರತಿಗಳ ಮಹತ್ವವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. 1791ರಲ್ಲಿ ಬಾಸ್ಟನ್ನಿನಲ್ಲಿ ಜೆರೆಮಿ ಬೆಲ್ಕ್‌ನಾಪ್ ಮತ್ತು ಅವರ ಗೆಳೆಯರು ಮ್ಯಾಸಚೂಸೆಟ್ಸ್ ಇತಿಹಾಸ ಸಂಘವನ್ನು ಕಟ್ಟಿದರು. ಅಮೆರಿಕದಲ್ಲಿ ಇಂತಹ ಸಂಘಗಳಲ್ಲಿ ಅದೇ ಮೊದಲನೆಯದು. ಅದೇ ವರ್ಷದ ಫೆಬ್ರುವರಿಯಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್, ಐತಿಹಾಸಿಕ ದಾಖಲೆಗಳನ್ನು ಸಂಗ್ರಹಿಸುತ್ತಿದ್ದ ಎಬೆನೆಜರ್ ಹ್ಯಾಜರ್ಡ್ ಅವರಿಗೆ ಪತ್ರ ಬರೆದು, ಉಳಿದಿರುವುದನ್ನು ಬೀಗ ಹಾಕಿ ಜನರ ಕಣ್ಣಿನಿಂದ ಮರೆಮಾಡಿ ಉಳಿಸುವುದು ಬೇಡ, ಯಾವ ಅಪಘಾತವೂ ಮುಟ್ಟಲಾಗದಷ್ಟು ಪ್ರತಿಗಳನ್ನು ಮಾಡಿ ಉಳಿಸೋಣ ಎಂಬ ಅರ್ಥದ ಮಾತನ್ನು ಹೇಳಿದರು. ಆ ಮಾತಿನ ಬೆಲೆ ಡಬ್ಲಿನ್ನಿನಲ್ಲಿ ಗೊತ್ತಾಯಿತು. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧದ ಆರಂಭದಲ್ಲಿ, ಅಲ್ಲಿನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿ ಏಳು ಶತಮಾನಗಳ ದಾಖಲೆಗಳಲ್ಲಿ ಬಹುಪಾಲು ಸುಟ್ಟುಹೋಯಿತು. ನೂರು ವರ್ಷಗಳ ಬಳಿಕ, 2022ರಲ್ಲಿ, ಬೇರೆಬೇರೆ ಸಂಸ್ಥೆಗಳಲ್ಲಿ ಉಳಿದಿದ್ದ ನಕಲುಗಳನ್ನೂ ಬದಲಿ ದಾಖಲೆಗಳನ್ನೂ ಕೂಡಿಸಿ, ಆ ಕಳೆದುಹೋದ ಸಂಗ್ರಹವನ್ನು ಡಿಜಿಟಲ್ ರೂಪದಲ್ಲಿ ಮತ್ತೆ ಕಟ್ಟುವ ಯೋಜನೆಯನ್ನು ಜನರ ಮುಂದಿಟ್ಟರು. ಯಾರೋ ಯಾವುದೋ ಕಾಲದಲ್ಲಿ ಶ್ರದ್ಧೆಯಿಂದ ನಕಲು ಮಾಡಿ, ಅದು ಯಾವ ಮೂಲದ ನಕಲು ಎಂದು ಬರೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತು.

ಆದ್ದರಿಂದ ಎರಡನ್ನೂ ಉಳಿಸಿ. ಡಿಜಿಟಲ್ ಪ್ರತಿಗಳು ಮೂರು ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಹಾಳೆಗಳನ್ನು 300ರಿಂದ 400, ಸಣ್ಣ ಫೋಟೋಗಳನ್ನು 600 ಪಿಪಿಐಯಲ್ಲಿ (ಒಂದು ಇಂಚಿಗೆ ಇಷ್ಟು ಚುಕ್ಕಿಗಳೆಂಬ ಲೆಕ್ಕ) ಸ್ಕ್ಯಾನ್ ಮಾಡಿ, ಮೂಲಪ್ರತಿಯನ್ನು ಟಿಫ್ ರೂಪದಲ್ಲಿಯೂ ನೋಡಲು ಕೊಡುವ ಪ್ರತಿಯನ್ನು ಜೆಪೆಗ್ ರೂಪದಲ್ಲಿಯೂ ಇಡುವುದು ರೂಢಿ. ಮೊದಲು ನೋಡಬೇಕಾದದ್ದು ಕಡತದ ಹೆಸರು. ಕ್ಯಾಮೆರಾ ಕೊಟ್ಟ ಅಂಕಿಯ ಹೆಸರಿನಲ್ಲಿಯೇ ಸಾವಿರ ಚಿತ್ರಗಳಿದ್ದರೆ ನೀವು ಪೆಟ್ಟಿಗೆಯ ಗೊಂದಲವನ್ನು ಡಿಸ್ಕಿಗೆ ಸಾಗಿಸಿದ್ದೀರಿ, ಅಷ್ಟೇ. ಪ್ರತಿ ಚಿತ್ರದ ಹೆಸರಿನಲ್ಲಿ ಮೂಲದ ಗುರುತಿನ ಸಂಖ್ಯೆ ಇರಲೇಬೇಕು.

ಪ್ರಶ್ನೆ: ಮಳೆಯ ನೀರು ನುಗ್ಗಿ ಕೆಲವು ಪುಸ್ತಕಗಳು ನೆನೆದಿವೆ. ಬಿಸಿಲಿಗೆ ಹಾಕಬಹುದೇ?
— ಗ್ರಂಥಪಾಲಕಿ

ಉತ್ತರ: ಬಿಸಿಲಿಗೆ ಬೇಡ, ಹಾಳೆ ಸುರುಟುತ್ತದೆ, ಶಾಯಿ ಮಾಸುತ್ತದೆ. ಒದ್ದೆಯಾದ ಕಾಗದಕ್ಕೆ 48 ಗಂಟೆಗಳೊಳಗೆ ಬೂಷ್ಟು ಹಿಡಿಯಲು ಆರಂಭವಾಗುತ್ತದೆ ಎಂಬುದನ್ನು ಗಡಿಯಾರದಂತೆ ಕಣ್ಣ ಮುಂದಿಟ್ಟುಕೊಂಡು ಕೆಲಸ ಮಾಡಿ. ಸ್ವಲ್ಪವೇ ನೆನೆದದ್ದನ್ನು ನೆರಳಿನಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ, ಹೀರುವ ಕಾಗದದ ಮೇಲೆ ಹರಡಿ ಒಣಗಿಸಿ. ಎರಡು ದಿನದಲ್ಲಿ ಒಣಗಿಸಲಾರದಷ್ಟು ಇದ್ದರೆ ಪೊಟ್ಟಣ ಕಟ್ಟಿ, ಗುರುತು ಬರೆದು, ಡೀಪ್ ಫ್ರೀಜರಿನಲ್ಲಿ ಇಡಿ. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯುವುದಿಲ್ಲ, ನಿಮಗೆ ಉಸಿರಾಡಲು ಸಮಯ ಸಿಗುತ್ತದೆ. ಹೊಳಪಿನ ಕಾಗದದ ಪುಸ್ತಕಗಳನ್ನು ಮೊದಲು ನೋಡಿಕೊಳ್ಳಿ, ಅವುಗಳ ಹಾಳೆಗಳು ಒಣಗಿದ ಮೇಲೆ ಕಲ್ಲಿನಂತೆ ಅಂಟಿಬಿಡುತ್ತವೆ. ಫೋಟೋಗಳನ್ನು ಫ್ರೀಜರಿಗೆ ಹಾಕುವ ಬದಲು ಒಂದೊಂದಾಗಿ ಬಿಡಿಸಿ, ಮುಖ ಮೇಲಾಗಿ ಒಣಗಿಸುವುದೇ ಮೇಲು.

ಪ್ರಶ್ನೆ: ನಮಗೆ ದಾನವಾಗಿ ಬಂದ ಪತ್ರಗಳನ್ನು ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚು ಮಾಡಬೇಕೆಂದಿದ್ದೇವೆ. ಪತ್ರಗಳು ಈಗ ನಮ್ಮವೇ ಆಗಿರುವುದರಿಂದ ಯಾರ ಅನುಮತಿಯೂ ಬೇಡವಷ್ಟೇ?
— ಸಂಪಾದಕ ಮಂಡಳಿಯ ಸದಸ್ಯೆ

ಉತ್ತರ: ಕಾಗದ ನಿಮ್ಮದು, ಅದರ ಮೇಲಿನ ಮಾತು ನಿಮ್ಮದಲ್ಲ. ಪತ್ರದ ಹಕ್ಕುಸ್ವಾಮ್ಯ ಅದನ್ನು ಬರೆದವರಿಗೆ ಮತ್ತು ಅವರ ನಂತರ ಅವರ ವಾರಸುದಾರರಿಗೆ ಸೇರಿದ್ದು, ಪಡೆದುಕೊಂಡವರಿಗೂ ಅಲ್ಲ, ಅವರಿಂದ ದಾನ ಪಡೆದ ಸಂಘಕ್ಕೂ ಅಲ್ಲ. 1886ರ ಬರ್ನ್ ಒಪ್ಪಂದದ ಚೌಕಟ್ಟಿನಲ್ಲಿ ಈ ಹಕ್ಕು ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ. ಎಷ್ಟೋ ದೇಶಗಳು ಇನ್ನೂ ಹೆಚ್ಚು ಕಾಲ ಕೊಟ್ಟಿವೆ. ಆದ್ದರಿಂದ ಬರೆದವರ ಮನೆಯವರನ್ನು ಹುಡುಕಿ, ಲಿಖಿತ ಒಪ್ಪಿಗೆ ಪಡೆದೇ ಅಚ್ಚಿಗೆ ಕೊಡಿ. ಮುಂದಿನ ದಾನಗಳಿಗಾಗಿ ಒಂದು ಪುಟದ ದಾನಪತ್ರವನ್ನು ಸಿದ್ಧಪಡಿಸಿಕೊಳ್ಳಿ: ಏನನ್ನು ಕೊಡುತ್ತಿದ್ದಾರೆ, ಮಾಲೀಕತ್ವ ಸಂಘಕ್ಕೆ ಬರುತ್ತದೆಯೇ, ಅವರ ಬಳಿ ಹಕ್ಕುಸ್ವಾಮ್ಯವಿದ್ದರೆ ಅದನ್ನೂ ಕೊಡುತ್ತಾರೆಯೇ, ಯಾವುದನ್ನಾದರೂ ಎಷ್ಟು ಕಾಲ ಮುಚ್ಚಿಡಬೇಕು, ಸಂಘಕ್ಕೆ ಬೇಡವಾದದ್ದನ್ನು ಹಿಂದಿರುಗಿಸಬೇಕೇ ಎಂಬಷ್ಟು ಸಾಕು. ‘ಸದ್ಯಕ್ಕೆ ನಿಮ್ಮಲ್ಲಿಯೇ ಇರಲಿ’ ಎಂಬ ಬಾಯಿಮಾತಿನ ಮೇಲೆ ಯಾವುದನ್ನೂ ತೆಗೆದುಕೊಳ್ಳಬೇಡಿ. ಕೊಟ್ಟವರು ತೀರಿಕೊಂಡ ಮೇಲೆ ಆ ಮಾತಿಗೆ ಸಾಕ್ಷಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಸಂಗ್ರಹವನ್ನು ನೋಡಲು ಯಾರು ಬಂದರೂ ತೋರಿಸಬೇಕೇ? ಕೆಲವು ಕಡತಗಳಲ್ಲಿ ಜನರ ಕಾಯಿಲೆ, ಸಾಲ, ಮನೆಯ ಜಗಳಗಳ ವಿವರವಿದೆ.
— ಸಂಘದ ಅಧ್ಯಕ್ಷ

ಉತ್ತರ: ತೋರಿಸುವುದು ನಿಯಮ, ಮುಚ್ಚಿಡುವುದು ಅಪವಾದ ಎಂದು ನಾನು ನಂಬಿದ್ದೇನೆ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿ 2010ರಲ್ಲಿ ಒಪ್ಪಿ, ಯುನೆಸ್ಕೋ 2011ರಲ್ಲಿ ಅನುಮೋದಿಸಿದ ಪತ್ರಾಗಾರಗಳ ಸಾರ್ವತ್ರಿಕ ಘೋಷಣೆಯೂ ದಾಖಲೆಗಳು ಎಲ್ಲರಿಗೂ ದೊರೆಯಬೇಕೆಂದು ಹೇಳುತ್ತದೆ, ಅದರ ಜೊತೆಗೇ ವ್ಯಕ್ತಿಗಳ ಹಕ್ಕುಗಳನ್ನೂ ಕಾನೂನನ್ನೂ ಗೌರವಿಸಬೇಕೆನ್ನುತ್ತದೆ. ಈ ಎರಡನ್ನು ಹೊಂದಿಸುವ ಹಳೆಯ ಉಪಾಯ ಕಾಲಮಿತಿ. ಅಮೆರಿಕದಲ್ಲಿ ಜನಗಣತಿಯ ವೈಯಕ್ತಿಕ ವಿವರಗಳನ್ನು 72 ವರ್ಷ ಮುಚ್ಚಿಟ್ಟು ತೆರೆಯುತ್ತಾರೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ 100 ವರ್ಷದ ಲೆಕ್ಕದಲ್ಲಿ 1921ರ ಗಣತಿ 2022ರ ಜನವರಿಯಲ್ಲಿ ಹೊರಬಂತು. ನಿಮ್ಮ ದೇಶದ ಕಾನೂನನ್ನು ನೋಡಿಕೊಂಡು, ನಿಮ್ಮ ಸಂಘವೂ ಇಂತಹ ಕಡತಗಳಿಗೆ ಒಂದು ಅವಧಿಯನ್ನು ಸಭೆಯಲ್ಲಿ ನಿರ್ಣಯಿಸಿ, ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ಮುಚ್ಚಿದ ಕಡತ ಇದೆ ಎಂಬುದನ್ನಾದರೂ ಸೂಚಿಯಲ್ಲಿ ತೋರಿಸಿ, ತೆರೆಯುವ ವರ್ಷವನ್ನು ಅದರ ಪಕ್ಕದಲ್ಲಿ ನಮೂದಿಸಿ. ಪರಿಚಯದವರಿಗೆ ತೋರಿಸಿ ಅಪರಿಚಿತರಿಗೆ ಇಲ್ಲವೆನ್ನುವ ಪದ್ಧತಿ ಮಾತ್ರ ಸಂಘದ ಮೇಲಿನ ವಿಶ್ವಾಸವನ್ನೇ ಕೊಲ್ಲುತ್ತದೆ.

ಪ್ರಶ್ನೆ: ನಮ್ಮ ಕಪಾಟುಗಳಲ್ಲಿ ನಾಲ್ಕಾರು ದೊಡ್ಡ ಮನೆತನಗಳ ಕಾಗದಗಳಷ್ಟೇ ಇವೆ. ಉಳಿದವರ ಇತಿಹಾಸವನ್ನು ಎಲ್ಲಿಂದ ತರುವುದು?
— ಸಂಶೋಧನಾ ವಿದ್ಯಾರ್ಥಿ

ಉತ್ತರ: ಈ ಪ್ರಶ್ನೆ ನಿಮ್ಮ ಸಂಘದೊಳಗಿನಿಂದಲೇ ಬಂದಿರುವುದು ನನಗೆ ಬಹಳ ಸಂತೋಷ ತಂದಿದೆ. ಕಾಗದ ಇಲ್ಲದವರು ಇತಿಹಾಸ ಇಲ್ಲದವರಲ್ಲ. ಅವರ ಕಾಗದಗಳನ್ನು ಯಾರೂ ಕೇಳಿಲ್ಲ, ಇಲ್ಲವೇ ಅವರ ಇತಿಹಾಸ ಬಾಯಿಮಾತಿನಲ್ಲಿದೆ. ಇರುವ ಮನೆತನದ ಲೆಕ್ಕದ ಪುಸ್ತಕಗಳನ್ನೇ ಮತ್ತೊಮ್ಮೆ ಓದಿ ನೋಡಿ. ಕೂಲಿ ಪಡೆದವರ ಹೆಸರು, ದಿನ, ಹೆಬ್ಬೆಟ್ಟಿನ ಗುರುತು ಅಲ್ಲಿರುತ್ತದೆ, ಆದರೆ ಸೂಚಿ ಮಾಡಿದವರು ಮಾಲೀಕರ ಹೆಸರನ್ನಷ್ಟೇ ಎತ್ತಿ ಬರೆದಿರುತ್ತಾರೆ. ಸೂಚಿಯನ್ನು ತಿದ್ದಿದರೆ ಅದೇ ಪುಸ್ತಕ ಬೇರೆಯವರ ದಾಖಲೆಯೂ ಆಗುತ್ತದೆ.

ಇನ್ನು ಮೌಖಿಕ ಇತಿಹಾಸ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ ಆಲನ್ ನೆವಿನ್ಸ್ 1948ರಲ್ಲಿ ಆರಂಭಿಸಿದ ಮೌಖಿಕ ಇತಿಹಾಸದ ಕೆಲಸ ಮೊದಲಿಗೆ ಹೆಸರಾಂತರ ನೆನಪುಗಳನ್ನೇ ಹಿಡಿದಿಟ್ಟಿತು. 1960 ಮತ್ತು 70ರ ದಶಕಗಳಲ್ಲಿ ಈ ವಿಧಾನ ಕಾರ್ಮಿಕರ, ಹೆಂಗಸರ, ವಲಸೆ ಬಂದವರ ಕಡೆಗೆ ಹೊರಳಿತು. ನೀವೂ ಹಾಗೆ ಹೊರಳಬಹುದು. ಮಾತಾಡುವವರ ಲಿಖಿತ ಒಪ್ಪಿಗೆಯನ್ನು ಪಡೆಯಿರಿ, ನಡುವೆ ಬಾಯಿ ಹಾಕದೆ ಕೇಳಿ, ಧ್ವನಿಯನ್ನು ಸಂಕುಚಿಸದ ವೇವ್ ಕಡತವಾಗಿ ಉಳಿಸಿ. ಮಾತನ್ನು ಬರಹಕ್ಕೆ ಇಳಿಸಿದ ಮೇಲೆ ಧ್ವನಿಯನ್ನು ಅಳಿಸಬೇಡಿ. ತಡೆದು ನಿಂತ ಕ್ಷಣ, ತಗ್ಗಿದ ದನಿ, ಅವರ ಓಣಿಯ ಉಚ್ಚಾರ ಅಕ್ಷರದಲ್ಲಿ ಬರುವುದಿಲ್ಲ. ಅವರ ಮನೆಯ ಕಾಗದಗಳನ್ನು ಸಂಘಕ್ಕೆ ಕೊಡಲು ಮನಸ್ಸಿಲ್ಲದಿದ್ದರೆ ಒತ್ತಾಯಿಸದೆ, ಅವರ ಮನೆಯಲ್ಲಿಯೇ ಕೂತು ಸ್ಕ್ಯಾನ್ ಮಾಡಿಕೊಂಡು, ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಬನ್ನಿ.

ಪ್ರಶ್ನೆ: ನಮ್ಮ ಸಂಘದಲ್ಲಿ ಈಗ ಕೆಲಸ ಮಾಡುವವರು ಮೂವರೇ, ಮೂವರೂ ಎಪ್ಪತ್ತು ದಾಟಿದವರು. ನಮ್ಮ ಬಳಿಕ ಈ ಸಂಗ್ರಹದ ಗತಿ ಏನು ಎಂಬ ಚಿಂತೆ ಕಾಡುತ್ತಿದೆ.
— ಹಿರಿಯ ಸದಸ್ಯ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಗ್ರಹಗಳು ನಾಶವಾಗುವುದು ಬೆಂಕಿ, ನೀರಿನಿಂದಷ್ಟೇ ಅಲ್ಲ; ಬೀಗದ ಕೈ ಯಾರ ಬಳಿ ಇದೆಯೆಂದು ಗೊತ್ತಿಲ್ಲದೆ, ಕಟ್ಟಡದ ಮಾಲೀಕರು ಕೋಣೆ ಖಾಲಿ ಮಾಡಿಸಿದ ದಿನವೂ ನಾಶವಾಗುತ್ತವೆ. ಅದನ್ನು ತಡೆಯುವುದು ನಿಮ್ಮ ಮೂವರ ಕೈಯಲ್ಲಿಯೇ ಇದೆ. ಸಂಘದ ನಿಯಮಾವಳಿಯಲ್ಲಿ, ಸಂಘ ನಿಂತುಹೋದರೆ ಸಂಗ್ರಹವು ಒಡೆಯದೆ ಇಂಥ ಗ್ರಂಥಾಲಯಕ್ಕೆ, ವಿಶ್ವವಿದ್ಯಾಲಯಕ್ಕೆ ಅಥವಾ ಪತ್ರಾಗಾರಕ್ಕೆ ಹೋಗಬೇಕೆಂಬ ವಾಕ್ಯವನ್ನು ಸೇರಿಸಿ. ಆದರೆ ಆ ಸಂಸ್ಥೆಯನ್ನು ಮೊದಲೇ ಕೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಎಷ್ಟೋ ಸಂಸ್ಥೆಗಳು ದಾನಪತ್ರ ಮತ್ತು ಸೂಚಿ ಇಲ್ಲದ ಪೆಟ್ಟಿಗೆಗಳನ್ನು ಮುಟ್ಟುವುದೇ ಇಲ್ಲ. ಸೂಚಿ ಇರುವ ಸಂಗ್ರಹಕ್ಕೆ ಬಾಗಿಲು ತೆರೆಯುವುದು ಸುಲಭ.

ಹೊಸ ಪೆಟ್ಟಿಗೆಗಳನ್ನು ಸದ್ಯಕ್ಕೆ ತೆಗೆದುಕೊಳ್ಳಬೇಡಿ. ವಾರಕ್ಕೊಂದು ದಿನ ಮೂವರೂ ಸೇರಿ, ಒಂದೇ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದು ಯಾರ ಮನೆಯಿಂದ ಬಂತು, ಯಾರು ತಂದುಕೊಟ್ಟರು, ಆಗ ಅವರು ಏನು ಹೇಳಿದರು ಎಂದು ನಿಮಗೆ ನೆನಪಿರುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರಾದರೂ ಒಬ್ಬ ಕಿರಿಯರು ಅದನ್ನು ಕೇಳಿ ರಿಜಿಸ್ಟರಿಗೆ ಇಳಿಸಲಿ. ಹಾಗೆ ಇಳಿಸುತ್ತ ಕೂತವರಲ್ಲಿ ಒಬ್ಬಿಬ್ಬರು ಸಂಘದಲ್ಲಿಯೇ ಉಳಿದುಬಿಡುವುದನ್ನು ನಾನು ನೋಡಿದ್ದೇನೆ. ಕಾಗದಗಳನ್ನು ವಿಂಗಡಿಸುವ ಕೆಲಸವನ್ನು ನಿಮ್ಮ ಬಳಿಕ ಬೇರೆಯವರು ಮಾಡಬಲ್ಲರು, ಯಾವ ಪೆಟ್ಟಿಗೆ ಯಾವ ಮನೆಯದು ಎಂಬುದನ್ನು ಹೇಳಬಲ್ಲವರು ನೀವು ಮೂವರೇ. ಮೊದಲ ಪೆಟ್ಟಿಗೆಯನ್ನು ಬರುವ ವಾರವೇ ಮೇಜಿನ ಮೇಲಿಡಿ.